ಎಂಜಿನ್‌ನ ಸದ್ದು ಏರಿದರೂ ದೋಣಿ ಸಾಗದಿದ್ದಾಗ: ಪ್ರೊಪೆಲ್ಲರ್ ಗಾಳಿ ಹಿಡಿಯುವ ದೋಷವನ್ನು ಗುರುತಿಸುವ ಕ್ರಮ

ನದಿತೀರದ ಹಾಗೂ ಕರಾವಳಿಯ ಗ್ರಾಮ ಪಂಚಾಯತ್ ಸದಸ್ಯರ ಮಾಹಿತಿಗಾಗಿ

ಕಾಳಿ, ಗಂಗಾವಳಿ, ಅಘನಾಶಿನಿ ಮತ್ತು ಶರಾವತಿ ನದಿಗಳು ಕಡಲು ಸೇರುವ ಕಾರವಾರ, ಅಂಕೋಲಾ, ಕುಮಟಾ ಹಾಗೂ ಹೊನ್ನಾವರ ತಾಲ್ಲೂಕುಗಳಲ್ಲಿ ದೋಣಿಯು ಮೀನುಗಾರರ ಜೀವನೋಪಾಯದ ಸಾಧನ. ನೆರೆ ಬಂದ ದಿನ ಕುರ್ವೆಗಳ ನಿವಾಸಿಗಳಿಗೆ ಅದೇ ರಸ್ತೆಯೂ ಹೌದು. 2019ರ ಆಗಸ್ಟ್ ಹಾಗೂ 2021ರ ಜುಲೈ ತಿಂಗಳ ನೆರೆಗಳಲ್ಲಿ ಕಾಳಿ ಮತ್ತು ಗಂಗಾವಳಿ ತೀರದ ಗ್ರಾಮಗಳ ಜನರನ್ನು ದೋಣಿಗಳ ಮೂಲಕ ಸ್ಥಳಾಂತರಿಸಿದುದು ಸದಸ್ಯರ ನೆನಪಿನಲ್ಲಿದೆ. ಅಂತಹ ಸಮಯದಲ್ಲಿ ದೋಣಿಯ ಹಿಂಬದಿಗೆ ಕಟ್ಟಿದ ಔಟ್‌ಬೋರ್ಡ್ ಎಂಜಿನ್ ನಂಬಿಕೆಗೆ ಅರ್ಹವಾಗಿದೆಯೇ ಎಂಬುದು ಪ್ರಾಣಗಳಿಗೆ ಸಂಬಂಧಿಸಿದ ಪ್ರಶ್ನೆಯಾಗುತ್ತದೆ.

ಔಟ್‌ಬೋರ್ಡ್ ಎಂಜಿನ್‌ಗಳ ಬಗ್ಗೆ ಪದೇಪದೇ ಕೇಳಿಬರುವ ದೂರು ಒಂದಿದೆ: ಥ್ರಾಟಲ್ ಏರಿಸಿದೊಡನೆ ಎಂಜಿನ್ ಜೋರಾಗಿ ಕೂಗುತ್ತದೆ, ಆದರೆ ದೋಣಿಯ ವೇಗ ಹೆಚ್ಚುವುದಿಲ್ಲ, ಕೆಲವೊಮ್ಮೆ ಇದ್ದ ವೇಗವೂ ಕುಸಿಯುತ್ತದೆ. ಇದನ್ನು ಕೇಳಿದೊಡನೆ ಎಂಜಿನ್ ಕೆಟ್ಟಿದೆ ಎಂದು ನಿರ್ಣಯಿಸುವುದು ವಾಡಿಕೆ. ಆದರೆ ಇಂತಹ ದೂರುಗಳಲ್ಲಿ ಎಂಜಿನ್ ಆರೋಗ್ಯವಾಗಿಯೇ ಇದ್ದು, ಪ್ರೊಪೆಲ್ಲರ್ ನೀರಿನ ಬದಲು ಗಾಳಿಯನ್ನು ಕಡೆಯುತ್ತಿರುವ ಸಂಭವವೇ ಹೆಚ್ಚು. ಇದಕ್ಕೆ ವೆಂಟಿಲೇಷನ್ ಎಂದು ಹೆಸರು. ಈ ಲೇಖನದಲ್ಲಿ ಅದನ್ನು ‘ಗಾಳಿ ಹಿಡಿಯುವುದು’ ಎಂದು ಕರೆಯಲಾಗಿದೆ. ದೋಷವನ್ನು ಸರಿಯಾಗಿ ಗುರುತಿಸಿದರೆ ಬಹುಪಾಲು ಪ್ರಸಂಗಗಳಲ್ಲಿ ಅಳತೆಪಟ್ಟಿ, ಸ್ಪ್ಯಾನರ್ ಹಾಗೂ ಅರ್ಧ ದಿನದ ಶ್ರಮದಿಂದಲೇ ಪರಿಹಾರ ದೊರೆಯುತ್ತದೆ. ತಪ್ಪಾಗಿ ಗುರುತಿಸಿದರೆ ದುರಸ್ತಿಯ ವೆಚ್ಚವೂ ವ್ಯರ್ಥ, ದೋಷವೂ ಹಾಗೆಯೇ ಉಳಿಯುತ್ತದೆ.

ಗಾಳಿ ಹಿಡಿಯುವುದೆಂದರೇನು?

ದೋಣಿಯವರು ಫ್ಯಾನ್ ಎಂದು ಕರೆಯುವ ಪ್ರೊಪೆಲ್ಲರ್ ತಿರುಗುವಾಗ ಅದರ ರೆಕ್ಕೆಗಳ ಒಂದು ಮೈ ನೀರನ್ನು ಹಿಂದಕ್ಕೆ ತಳ್ಳುತ್ತದೆ. ಇನ್ನೊಂದು ಮೈಯಲ್ಲಿ ಒತ್ತಡ ಕುಗ್ಗುತ್ತದೆ. ಈ ಎರಡರ ವ್ಯತ್ಯಾಸವೇ ದೋಣಿಯನ್ನು ಮುಂದೊಯ್ಯುವ ನೂಕುಬಲ. ಪ್ರೊಪೆಲ್ಲರ್ ನೀರಿನ ಮೇಲ್ಮೈಗೆ ಸಮೀಪವಾದಾಗ, ಒತ್ತಡ ಕುಗ್ಗಿದ ಮೈಯು ಮೇಲಿನ ಗಾಳಿಯನ್ನು ಕೆಳಕ್ಕೆ ಸೆಳೆದುಕೊಳ್ಳುತ್ತದೆ. ಗಾಳಿಯು ನೀರಿಗಿಂತ ನೂರಾರು ಪಟ್ಟು ಹಗುರವಾದ ಕಾರಣ ರೆಕ್ಕೆಗಳಿಗೆ ತಳ್ಳಲು ಆಧಾರವೇ ಸಿಗುವುದಿಲ್ಲ. ಕೆಸರಿನಲ್ಲಿ ಸಿಕ್ಕಿಕೊಂಡ ಟ್ರ್ಯಾಕ್ಟರಿನ ಗಾಲಿ ನಿಂತಲ್ಲೇ ಗಿರಗಿರನೆ ಸುತ್ತುವಂತೆ ಪ್ರೊಪೆಲ್ಲರ್ ಸುತ್ತುತ್ತದೆ. ಹೊರೆ ತಪ್ಪಿದ ಎಂಜಿನ್‌ನ ಸುತ್ತುಗಳು ಒಮ್ಮೆಲೇ ಏರುತ್ತವೆ.

ಗಾಳಿಯು ಮೇಲ್ಮೈಯಿಂದಲೇ ಬರಬೇಕೆಂದಿಲ್ಲ. ಅನೇಕ ಎಂಜಿನ್‌ಗಳಲ್ಲಿ ಹೊಗೆಯು ಪ್ರೊಪೆಲ್ಲರ್‌ನ ನಡುವಿನ ಗುಂಬದ ಮೂಲಕ ಹಿಂದಕ್ಕೆ ಹೊರಹೋಗುತ್ತದೆ. ಗುಂಬದ ಹಿಂತುದಿಯ ಅಗಲವಾದ ಬಳೆಯಂತಹ ಅಂಚು ಮುರಿದಿದ್ದರೆ ಆ ಹೊಗೆಯೇ ರೆಕ್ಕೆಗಳತ್ತ ಮರಳಿ ಅದೇ ದೋಷವನ್ನುಂಟುಮಾಡಬಹುದು. ಹಿಮ್ಮುಖ ಗೇರಿನಲ್ಲಿ ಹೊಗೆಯು ರೆಕ್ಕೆಗಳಿಗೆ ಸೇರುವುದು ಸಹಜ. ಆದುದರಿಂದ ಹಿಂದಕ್ಕೆ ಚಲಿಸುವಾಗ ನೂಕುಬಲ ಕಡಿಮೆಯಾಗುವುದನ್ನು ದೋಷವೆಂದು ಭಾವಿಸಬೇಕಾಗಿಲ್ಲ.

ಮೇಲಿನ ಗಾಳಿಯನ್ನು ತಡೆಯುವುದಕ್ಕಾಗಿಯೇ ಪ್ರೊಪೆಲ್ಲರ್‌ನ ಸ್ವಲ್ಪ ಮೇಲೆ, ಎಂಜಿನ್‌ನ ಕೆಳಭಾಗದಲ್ಲಿ, ಒಂದು ಅಡ್ಡ ಫಲಕವಿರುತ್ತದೆ. ಕೈಪಿಡಿಗಳಲ್ಲಿಯೂ ವರ್ಕ್‌ಶಾಪ್‌ಗಳಲ್ಲಿಯೂ ಇದಕ್ಕೆ ‘ಆಂಟಿ ಕ್ಯಾವಿಟೇಶನ್ ಪ್ಲೇಟ್’ ಎಂಬ ಹೆಸರು ರೂಢಿಯಲ್ಲಿದೆಯಾದರೂ, ಅದರ ನಿಜವಾದ ಕೆಲಸ ಗಾಳಿಯನ್ನು ತಡೆಯುವುದು. ಮುಂದಿನ ಪರೀಕ್ಷೆಗಳಲ್ಲಿ ಈ ಫಲಕವೇ ಮುಖ್ಯ ಗುರುತು.

ಒಂದೇ ಲಕ್ಷಣ, ಬೇರೆ ಬೇರೆ ದೋಷಗಳು

ಸದ್ದು ಏರಿ ವೇಗ ಏರದಿರುವ ಲಕ್ಷಣಕ್ಕೆ ಗಾಳಿಯೊಂದೇ ಕಾರಣವಲ್ಲ. ಇನ್ನೂ ಮೂರು ದೋಷಗಳನ್ನು ಅದರಿಂದ ಬೇರ್ಪಡಿಸಿ ನೋಡಬೇಕು.

ಮೊದಲನೆಯದು ಗುಂಬದ ರಬ್ಬರ್ ಜಾರುವುದು. ಪ್ರೊಪೆಲ್ಲರ್ ಕಲ್ಲಿಗೋ ಮರದ ದಿಮ್ಮಿಗೋ ಬಡಿದಾಗ ಗೇರುಗಳಿಗೆ ಪೆಟ್ಟಾಗದಿರಲೆಂದು ಗುಂಬದ ಒಳಗೆ ರಬ್ಬರಿನ ಬುಶ್ ಅಳವಡಿಸಿರುತ್ತಾರೆ. ಅದು ಹಳತಾದಾಗ ಅಥವಾ ಪೆಟ್ಟು ತಿಂದಾಗ ಒಳಗಿನ ದಂಡ ತಿರುಗಿದರೂ ಹೊರಗಿನ ರೆಕ್ಕೆಗಳು ಪೂರ್ಣವಾಗಿ ತಿರುಗುವುದಿಲ್ಲ. ನಿಧಾನವಾಗಿ ಹೋಗುವಾಗ ದೋಣಿ ಸರಿಯಾಗಿಯೇ ಸಾಗುತ್ತದೆ. ಹೊರೆ ಹೆಚ್ಚಿದೊಡನೆ ಜಾರುತ್ತದೆ. ಅತಿ ಚಿಕ್ಕ ಎಂಜಿನ್‌ಗಳಲ್ಲಿ ಇದೇ ರಕ್ಷಣೆಗಾಗಿ ಶಿಯರ್ ಪಿನ್ ಇರುತ್ತದೆ. ಅದು ತುಂಡಾದರೆ ದೋಣಿ ಸ್ವಲ್ಪವೂ ಚಲಿಸದು.

ಎರಡನೆಯದು ಕ್ಯಾವಿಟೇಶನ್. ರೆಕ್ಕೆಯ ಮೇಲೆ ಒತ್ತಡವು ಅತಿಯಾಗಿ ಕುಸಿದಾಗ ನೀರು ಕಾಯದೆಯೇ ಆವಿಯ ಗುಳ್ಳೆಗಳಾಗುತ್ತದೆ. ಆ ಗುಳ್ಳೆಗಳು ಒಡೆಯುವ ಹೊಡೆತದಿಂದ ಲೋಹದ ಮೇಲೆ ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ. ಇಲ್ಲಿ ಹೊರಗಿನ ಗಾಳಿಯ ಪಾತ್ರವಿಲ್ಲ. ಬಾಗಿದ, ಕಚ್ಚಿಹೋದ ರೆಕ್ಕೆಯ ಅಂಚು ಇದಕ್ಕೆ ಸಾಮಾನ್ಯ ಕಾರಣ. ರೆಕ್ಕೆಯ ಮೈಯಲ್ಲಿ ಇರುವೆ ಕೊರೆದಂತಹ ಗುಳಿಗಳು ಕಂಡರೆ ಪ್ರೊಪೆಲ್ಲರನ್ನು ಸರಿಪಡಿಸಬೇಕು ಅಥವಾ ಬದಲಾಯಿಸಬೇಕು.

ಮೂರನೆಯದು ಸಿಲುಕಿಕೊಂಡ ವಸ್ತು. ಮಳೆಗಾಲದ ನೀರಿನಲ್ಲಿ ಬಲೆಯ ಚೂರು, ನೈಲಾನ್ ಹಗ್ಗ, ಪ್ಲಾಸ್ಟಿಕ್ ಚೀಲ, ತೆಂಗಿನ ಗರಿ ಇವು ತೇಲಿಬರುವುದು ಸಾಮಾನ್ಯ. ಅವು ರೆಕ್ಕೆಗಳಿಗೆ ಸುತ್ತಿಕೊಂಡಾಗ ಎಂಜಿನ್ ಸಾಮಾನ್ಯವಾಗಿ ಹೊರೆಯಿಂದ ತಿಣುಕುತ್ತದೆ. ಆದರೆ ಎಂಜಿನ್‌ನ ಕಾಲಿನ ಮುಂಭಾಗಕ್ಕೆ ಚೀಲವೊಂದು ಅಂಟಿಕೊಂಡರೆ ಪ್ರೊಪೆಲ್ಲರ್‌ಗೆ ಹೋಗುವ ನೀರು ಕದಡಿ, ಗಾಳಿ ಹಿಡಿಯುವ ಲಕ್ಷಣವೇ ಕಾಣಿಸುತ್ತದೆ.

ಇವುಗಳನ್ನು ಬೇರ್ಪಡಿಸುವ ಮೊದಲ ಪ್ರಶ್ನೆ ‘ಏನಾಯಿತು’ ಎಂಬುದಕ್ಕಿಂತ ‘ಯಾವಾಗ ಆಯಿತು’ ಎಂಬುದು. ತಿರುವಿನಲ್ಲಿ, ಅಲೆ ಏರಿದಾಗ, ಜನರು ಮುಂದಕ್ಕೆ ಸರಿದಾಗ, ನಿಂತ ದೋಣಿಯನ್ನು ಒಮ್ಮೆಲೇ ಓಡಿಸಿದಾಗ ಮಾತ್ರ ಸದ್ದು ಏರುತ್ತಿದ್ದು, ಥ್ರಾಟಲ್ ಇಳಿಸಿದೊಡನೆ ಹಿಡಿತ ಮರಳುತ್ತಿದ್ದರೆ ಅದು ಬಹುತೇಕ ಗಾಳಿಯೇ. ಶಾಂತ ನೀರಿನಲ್ಲಿ, ನೇರ ದಾರಿಯಲ್ಲಿ, ಪ್ರತಿ ಸಲವೂ ಒಂದೇ ಮಟ್ಟದ ಹೊರೆಗೆ ಜಾರುತ್ತಿದ್ದರೆ ಗುಂಬದ ರಬ್ಬರನ್ನು ಮೊದಲು ಪರೀಕ್ಷಿಸಬೇಕು.

ದಡದಲ್ಲಿ ಮಾಡಬೇಕಾದ ಪರೀಕ್ಷೆಗಳು

ಪ್ರೊಪೆಲ್ಲರ್ ಮುಟ್ಟುವ ಮುನ್ನ ಎಂಜಿನ್ ನಿಲ್ಲಿಸಿ, ಸುರಕ್ಷತಾ ದಾರವನ್ನು ಸ್ವಿಚ್ಚಿನಿಂದ ಕಳಚಿ ಕೈಯಲ್ಲಿಟ್ಟುಕೊಳ್ಳತಕ್ಕದ್ದು. ನೀರಿಲ್ಲದೆ ಎಂಜಿನ್ ಓಡಿಸಿ ತೋರಿಸಲು ಯಾರನ್ನೂ ಒತ್ತಾಯಿಸಬಾರದು. ತಂಪು ನೀರಿನ ಪಂಪಿನೊಳಗಿನ ರಬ್ಬರ್ ಚಕ್ರವು ಅಲ್ಪಕಾಲದಲ್ಲೇ ಸುಟ್ಟುಹೋಗುತ್ತದೆ.

ಮೊದಲು ಎತ್ತರದ ಅಳತೆ. ಎಂಜಿನ್ ಕೂರುವ ಹಿಂಬದಿಯ ಹಲಗೆಯ ಮೇಲಂಚಿನಿಂದ ದೋಣಿಯ ತಳದವರೆಗೆ, ನಡುಭಾಗದಲ್ಲಿ ಅಳೆಯಬೇಕು. ಔಟ್‌ಬೋರ್ಡ್ ಎಂಜಿನ್‌ಗಳು ಸಾಮಾನ್ಯವಾಗಿ ಮೂರು ಉದ್ದಗಳಲ್ಲಿ ದೊರೆಯುತ್ತವೆ: 15 ಅಂಗುಲ, ಅಂದರೆ ಸುಮಾರು 38 ಸೆಂಟಿಮೀಟರ್ ಎತ್ತರದ ಹಲಗೆಗೆ ಗಿಡ್ಡ ಕಾಲಿನದು, 20 ಅಂಗುಲ, ಅಂದರೆ ಸುಮಾರು 51 ಸೆಂಟಿಮೀಟರ್‌ಗೆ ಉದ್ದ ಕಾಲಿನದು, 25 ಅಂಗುಲ, ಅಂದರೆ ಸುಮಾರು 64 ಸೆಂಟಿಮೀಟರ್‌ಗೆ ಅತಿ ಉದ್ದ ಕಾಲಿನದು. 20 ಅಂಗುಲದ ಹಲಗೆಗೆ ಗಿಡ್ಡ ಕಾಲಿನ ಎಂಜಿನ್ ಕೂರಿಸಿದರೆ ಪ್ರೊಪೆಲ್ಲರ್ ಐದು ಅಂಗುಲ ಮೇಲೆ ನಿಲ್ಲುತ್ತದೆ. ಎಷ್ಟೇ ದುರಸ್ತಿ ಮಾಡಿಸಿದರೂ ಅಂತಹ ದೋಣಿಯ ಗಾಳಿಯ ದೋಷ ಹೋಗುವುದಿಲ್ಲ.

ಎರಡನೆಯದಾಗಿ ಅಡ್ಡ ಫಲಕದ ಸ್ಥಾನ. ಎಂಜಿನ್ ಓಡುವ ಸ್ಥಿತಿಯಲ್ಲಿರುವಾಗ ದೋಣಿಯ ತಳಕ್ಕೆ ನೇರವಾದ ಮರದ ಪಟ್ಟಿಯನ್ನು ಒತ್ತಿಹಿಡಿದು ಹಿಂದಕ್ಕೆ ಚಾಚಬೇಕು. ಸಣ್ಣ ದೋಣಿಗಳಲ್ಲಿ ಫಲಕವು ತಳದ ಮಟ್ಟದಲ್ಲಿ, ಅಥವಾ ಅದಕ್ಕಿಂತ 25 ಮಿಲಿಮೀಟರ್‌ವರೆಗೆ ಕೆಳಗೆ ಇರುವುದು ಸರಿಯಾದ ಸ್ಥಾನ. ತಯಾರಕರ ಕೈಪಿಡಿಯಲ್ಲಿ ಬೇರೆ ಅಳತೆ ಸೂಚಿಸಿದ್ದರೆ ಅದನ್ನೇ ಪಾಲಿಸಬೇಕು. ಫಲಕವು ಪಟ್ಟಿಗಿಂತ ಮೇಲಿದ್ದರೆ ದೋಷದ ಮೂಲ ದೊರೆತಂತೆಯೇ. ನಾಡದೋಣಿಗಳ ಹಳೆಯ ಹಲಗೆ ಶಿಥಿಲವಾದಾಗ ಹೊಸ ಮರದ ತುಂಡನ್ನು ಮೇಲೆ ಕೂರಿಸುವುದುಂಟು. ಅದರಿಂದ ಎಂಜಿನ್ ಎರಡು ಅಂಗುಲ ಎತ್ತರವಾದುದು ಯಾರ ಗಮನಕ್ಕೂ ಬಾರದೆ ಉಳಿಯಬಹುದು. ಕ್ಲ್ಯಾಂಪ್ ಸಡಿಲವಾಗಿ ಎಂಜಿನ್ ಮೇಲಕ್ಕೆ ಸರಿದಿದೆಯೇ ಎಂಬುದನ್ನೂ ನೋಡಬೇಕು.

ಮೂರನೆಯದು ಓರೆ. ಎಂಜಿನ್‌ನ ಕಾಲು ದೋಣಿಯಿಂದ ಹೊರಕ್ಕೆ ಅತಿಯಾಗಿ ಚಾಚಿದ್ದರೆ ದೋಣಿಯ ಮುಂಭಾಗ ಏಳುತ್ತದೆ, ತಿರುವಿನಲ್ಲಿ ಗಾಳಿ ಹಿಡಿಯುತ್ತದೆ. ಸಣ್ಣ ಎಂಜಿನ್‌ಗಳಲ್ಲಿ ಓರೆಯನ್ನು ಹೊಂದಿಸುವ ಪಿನ್ನಿಗೆ ನಾಲ್ಕೈದು ರಂಧ್ರಗಳಿರುತ್ತವೆ. ದೋಣಿ ಓಡುತ್ತಿರುವಾಗ ಅಡ್ಡ ಫಲಕವು ನೀರಿನ ಮಟ್ಟಕ್ಕೆ ಸಮಾನಾಂತರವಾಗಿರುವ ರಂಧ್ರವೇ ಸೂಕ್ತ. ಕುರ್ವೆಗಳ ಸುತ್ತ ಮರಳು ದಿಬ್ಬಗಳಿರುವಲ್ಲಿ ಎಂಜಿನ್ ಅನ್ನು ಅರ್ಧ ಎತ್ತಿ ಓಡಿಸುವುದು ಅನಿವಾರ್ಯ. ಆಳದ ನೀರಿಗೆ ಬಂದ ಮೇಲೆ ಅದನ್ನು ಕೆಳಗಿಳಿಸಲು ಮರೆತರೆ ಇದೇ ದೋಷ ಕಾಣಿಸಿಕೊಳ್ಳುತ್ತದೆ.

ನಾಲ್ಕನೆಯದಾಗಿ ರೆಕ್ಕೆಗಳ ಅಂಚು, ಗುಂಬದ ಹಿಂತುದಿಯ ಬಳೆ, ಸುತ್ತಿಕೊಂಡ ದಾರ ಇವುಗಳನ್ನು ಕೈಯಿಂದ ಸವರಿ ನೋಡಬೇಕು. ಎಂಜಿನ್‌ನ ನೇರ ಮುಂದೆ ದೋಣಿಯ ತಳದಲ್ಲಿ ಮುರಿದ ಪಟ್ಟಿ, ಎದ್ದುನಿಂತ ಫೈಬರ್ ತೇಪೆ, ಹೊರಚಾಚಿದ ಕೊಳವೆ ಇದ್ದರೆ ಅವು ನೀರನ್ನು ಕದಡಿ ಗಾಳಿಗೆ ದಾರಿ ಮಾಡಿಕೊಡುತ್ತವೆ. ಗಾಳಿ ತುಂಬುವ ರಬ್ಬರ್ ದೋಣಿಯಾದರೆ ಕೊಳವೆಗಳಲ್ಲಿಯೂ ತಳದಲ್ಲಿಯೂ ನಿಗದಿತ ಒತ್ತಡವಿದೆಯೇ ಎಂದು ಪರೀಕ್ಷಿಸಬೇಕು. ಮೆತ್ತಗಾದ ದೋಣಿಯು ಹೊರೆ ಬಿದ್ದಾಗ ನಡುವೆ ಬಾಗಿ, ಎಂಜಿನ್‌ನ ಸ್ಥಾನವನ್ನೇ ಬದಲಾಯಿಸುತ್ತದೆ.

ಕೊನೆಯದಾಗಿ, ಗುಂಬದ ಪರೀಕ್ಷೆಗಾಗಿ ಪ್ರೊಪೆಲ್ಲರ್‌ನ ಹಿಂತುದಿಯಲ್ಲಿ ಒಳಗಿನ ಲೋಹದ ತೋಳಿನಿಂದ ಹೊರಗಿನ ಗುಂಬದವರೆಗೆ ಬಣ್ಣದಿಂದ ಒಂದು ನೇರ ಗೆರೆ ಎಳೆಯಬೇಕು. ನೀರಿನ ಪರೀಕ್ಷೆಯ ಬಳಿಕ ಗೆರೆ ಎರಡಾಗಿ ಬೇರ್ಪಟ್ಟಿದ್ದರೆ ರಬ್ಬರ್ ಜಾರಿದೆ ಎಂಬುದು ಖಚಿತ. ಗೆರೆ ಹಾಗೆಯೇ ಉಳಿದಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕು.

ನೀರಿನಲ್ಲಿ ಮಾಡಬೇಕಾದ ಪರೀಕ್ಷೆಗಳು

ಅಳಿವೆಯ ಬಾಯಿಂದ ದೂರದಲ್ಲಿ, ಉಬ್ಬರ ಇಳಿತಗಳ ನಡುವೆ ನೀರು ನಿಂತಂತಿರುವ ಹೊತ್ತಿನಲ್ಲಿ, ಇನ್ನೊಂದು ದೋಣಿ ಜೊತೆಗಿರುವಂತೆ ಪರೀಕ್ಷೆ ನಡೆಸಬೇಕು. ಎಲ್ಲರೂ ಲೈಫ್ ಜಾಕೆಟ್ ಧರಿಸಿರತಕ್ಕದ್ದು. ಚಾಲಕನು ಎಂಜಿನ್ ನಿಲ್ಲಿಸುವ ದಾರವನ್ನು ದೇಹಕ್ಕೆ ಕಟ್ಟಿಕೊಂಡಿರತಕ್ಕದ್ದು.

ಪರೀಕ್ಷೆಯ ನಿಯಮ ಒಂದೇ: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಾಯಿಸಬೇಕು. ಎತ್ತರ, ಓರೆ ಮತ್ತು ಪ್ರೊಪೆಲ್ಲರ್ ಮೂರನ್ನೂ ಒಮ್ಮೆಲೇ ಬದಲಿಸಿದರೆ ದೋಷ ಹೋದರೂ ಅದರ ಕಾರಣ ತಿಳಿಯುವುದಿಲ್ಲ.

1. ಚಾಲಕ ಮತ್ತು ಒಬ್ಬ ಸಹಾಯಕ ಮಾತ್ರ ಕುಳಿತು, ನೇರ ದಾರಿಯಲ್ಲಿ ಥ್ರಾಟಲನ್ನು ನಿಧಾನವಾಗಿ ಏರಿಸಬೇಕು. ಇಲ್ಲಿಯೂ ಸದ್ದು ಒಮ್ಮೆಲೇ ಏರಿದರೆ ಎಂಜಿನ್ ಎತ್ತರವಾಗಿದೆ ಅಥವಾ ಗುಂಬ ಜಾರುತ್ತಿದೆ ಎಂದು ಶಂಕಿಸಬೇಕು.

2. ಎಂಜಿನ್‌ನಿಂದ ಚಿಮ್ಮುವ ತಂಪು ನೀರಿನ ಧಾರೆಯನ್ನು ಗಮನಿಸಬೇಕು. ಸದ್ದು ಏರಿದಾಗಲೇ ಧಾರೆಯೂ ಕಡಿಯುತ್ತಿದ್ದರೆ, ನೀರು ಸೆಳೆಯುವ ರಂಧ್ರಗಳಿಗೂ ಗಾಳಿ ಸೇರುತ್ತಿದೆ ಎಂದರ್ಥ. ಇದು ಎಂಜಿನ್ ಎತ್ತರವಾಗಿರುವುದಕ್ಕೆ ಬಲವಾದ ಸಾಕ್ಷಿ. ಹಾಗೆಯೇ ಓಡಿಸಿದರೆ ಎಂಜಿನ್ ಕಾದು ಹಾಳಾಗುತ್ತದೆ.

3. ಅದೇ ವೇಗದಲ್ಲಿ ಎಡಕ್ಕೂ ಬಲಕ್ಕೂ ಅಗಲವಾದ ತಿರುವು ತೆಗೆದುಕೊಳ್ಳಬೇಕು. ತಿರುವಿನಲ್ಲಿ ಮಾತ್ರ ಗಾಳಿ ಹಿಡಿದರೆ ಓರೆಯ ಪಿನ್ನನ್ನು ದೋಣಿಯ ಕಡೆಗೆ ಒಂದು ರಂಧ್ರ ಸರಿಸಿ ಮತ್ತೆ ನೋಡಬೇಕು.

4. ಬಳಿಕ ಮರಳಿನ ಚೀಲಗಳನ್ನೋ ನೀರಿನ ಕ್ಯಾನುಗಳನ್ನೋ ಮುಂಭಾಗದಲ್ಲಿಟ್ಟು ಓಡಿಸಬೇಕು. ನಂತರ ಅವನ್ನೇ ನಡುಭಾಗಕ್ಕೆ ಸರಿಸಿ ಓಡಿಸಬೇಕು. ಮೊದಲ ಸಲ ಗಾಳಿ ಹಿಡಿದು ಎರಡನೆಯ ಸಲ ಹಿಡಿಯದಿದ್ದರೆ ಎಂಜಿನ್‌ನಲ್ಲಿ ದೋಷವಿಲ್ಲ. ಜನರನ್ನು ಕೂರಿಸುವ ಕ್ರಮದಲ್ಲಿ ದೋಷವಿದೆ.

5. ದಡಕ್ಕೆ ಮರಳಿ, ಎಂಜಿನ್ ನಿಲ್ಲಿಸಿ, ಗುಂಬದ ಮೇಲಿನ ಬಣ್ಣದ ಗೆರೆಯನ್ನು ನೋಡಬೇಕು.

ಗಾಳಿ ಹಿಡಿಯುತ್ತಿರುವಾಗ ಎಂಜಿನ್ ಅನ್ನು ದೀರ್ಘಕಾಲ ಕೂಗಿಸಬಾರದು. ಹೊರೆಯಿಲ್ಲದ ಅತಿವೇಗದಿಂದ ಅದಕ್ಕೆ ಹಾನಿಯಾಗುತ್ತದೆ. ಹಾಗಾದಾಗ ದೋಣಿಯಿಂದ ಆರಂಭವಾದ ದೋಷ ಎಂಜಿನ್‌ಗೂ ತಗಲುತ್ತದೆ.

ನೆರೆಯ ನೀರಿನಲ್ಲಿ ಈ ದೋಷ ಏಕೆ ಅಪಾಯಕಾರಿ?

ಗೇರುಸೊಪ್ಪ ಅಥವಾ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೆಳಭಾಗದ ಹೊಳೆಯ ಸೆಳೆತ ಹೆಚ್ಚುತ್ತದೆ. ಸೆಳೆತಕ್ಕೆ ಎದುರಾಗಿ ಅಥವಾ ಅಡ್ಡಲಾಗಿ ಸಾಗುವ ದೋಣಿಯನ್ನು ಹಿಡಿದಿಟ್ಟಿರುವುದು ಪ್ರೊಪೆಲ್ಲರ್‌ನ ನೂಕುಬಲವೊಂದೇ. ಔಟ್‌ಬೋರ್ಡ್ ಎಂಜಿನ್‌ನಲ್ಲಿ ದಿಕ್ಕು ತಿರುಗಿಸುವುದೂ ಅದೇ ಬಲದಿಂದ. ಆದುದರಿಂದ ಗಾಳಿ ಹಿಡಿದ ಕ್ಷಣದಲ್ಲಿ ವೇಗದೊಡನೆ ದಿಕ್ಕಿನ ಹಿಡಿತವೂ ತಪ್ಪುತ್ತದೆ, ದೋಣಿ ಸೆಳೆತಕ್ಕೆ ಅಡ್ಡಲಾಗುತ್ತದೆ. ಸೇತುವೆಯ ಕಂಬವೋ ಮುಳುಗಿದ ಮರವೋ ಸಮೀಪದಲ್ಲಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಅನಾಹುತವಾಗಬಹುದು.

ಇಂತಹ ಹೊತ್ತಿನಲ್ಲಿ ಚಾಲಕನಿಗೆ ಥ್ರಾಟಲನ್ನು ಇನ್ನೂ ಏರಿಸಬೇಕೆನ್ನಿಸುವುದು ಸ್ವಾಭಾವಿಕ. ಅದು ತಪ್ಪು. ಸುತ್ತು ಹೆಚ್ಚಿದಷ್ಟೂ ಗಾಳಿಯ ಸೆಳೆತ ಹೆಚ್ಚುತ್ತದೆ. ಥ್ರಾಟಲನ್ನು ಇಳಿಸಿ, ರೆಕ್ಕೆಗಳ ಸುತ್ತ ಮತ್ತೆ ನೀರು ತುಂಬಲು ಒಂದೆರಡು ಕ್ಷಣ ಬಿಟ್ಟು, ಸಾಧ್ಯವಾದರೆ ತಿರುವನ್ನು ನೇರಗೊಳಿಸಿ, ಅನಂತರ ನಿಧಾನವಾಗಿ ಏರಿಸಬೇಕು. ಪೂರ್ಣ ಥ್ರಾಟಲ್‌ನಲ್ಲಿರುವಾಗ ಹಿಡಿತ ಒಮ್ಮೆಲೇ ಮರಳಿದರೆ ದೋಣಿ ಜಗ್ಗಿ ಮುನ್ನುಗ್ಗುತ್ತದೆ, ನಿಂತಿರುವವರು ನೀರಿಗೆ ಬೀಳಬಹುದು.

ರಕ್ಷಿಸಲ್ಪಟ್ಟವರು ದಡ ಸಮೀಪಿಸಿದೊಡನೆ ಇಳಿಯುವ ಆತುರದಿಂದ ಎದ್ದು ಮುಂಭಾಗಕ್ಕೆ ಬರುತ್ತಾರೆ. ಆಗ ದೋಣಿಯ ಹಿಂಭಾಗ ಮೇಲೇಳುತ್ತದೆ, ಪ್ರೊಪೆಲ್ಲರ್ ಮೇಲ್ಮೈಗೆ ಬರುತ್ತದೆ, ದಡದಿಂದ ಕೆಲವೇ ಮಾರು ದೂರದಲ್ಲಿ ದೋಣಿ ಹಿಡಿತ ಕಳೆದುಕೊಳ್ಳುತ್ತದೆ. ಆದಕಾರಣ ದೋಣಿ ಕಟ್ಟುವವರೆಗೆ ಯಾರೂ ಏಳಬಾರದೆಂದು ಹತ್ತಿಸುವಾಗಲೇ ಹೇಳಬೇಕು. ಭಾರವನ್ನು ನಡುಭಾಗದಲ್ಲಿ, ಎರಡೂ ಬದಿಗೆ ಸಮನಾಗಿ ಹಂಚಬೇಕು.

ಕಿಂಡಿ ಅಣೆಕಟ್ಟು ಹಾಗೂ ಮುಳುಗಿದ ಕಿರುಸೇತುವೆಗಳ ಕೆಳಗೆ ಬೆಳ್ಳಗೆ ನೊರೆಯಾಗಿ ಕುದಿಯುವ ನೀರಿನಲ್ಲಿ ಗಾಳಿ ಬೆರೆತಿರುತ್ತದೆ. ಅಲ್ಲಿ ಎಷ್ಟೇ ಸರಿಯಾಗಿ ಕೂರಿಸಿದ ಎಂಜಿನ್‌ಗೂ ಪೂರ್ಣ ಹಿಡಿತ ಸಿಗದು, ದೋಣಿಯ ತೇಲುವಿಕೆಯೂ ಕುಗ್ಗುತ್ತದೆ. ಅಂತಹ ಸ್ಥಳಗಳ ಸಮೀಪಕ್ಕೆ ದೋಣಿ ಒಯ್ಯಲೇಬಾರದು. ಪ್ರತಿ ಗ್ರಾಮದಲ್ಲಿ ಈ ತಾಣಗಳು ಎಲ್ಲಿವೆ ಎಂಬುದು ಸ್ಥಳೀಯರಿಗೆ ಗೊತ್ತಿರುತ್ತದೆ. ಹೊರಗಿನಿಂದ ಬರುವ ರಕ್ಷಣಾ ತಂಡಕ್ಕೆ ಗೊತ್ತಿರುವುದಿಲ್ಲ. ಆ ಪಟ್ಟಿಯನ್ನು ಪಂಚಾಯತ್ ಕಚೇರಿಯಲ್ಲಿ ಸಿದ್ಧವಾಗಿಡಬೇಕು.

ಖರೀದಿ ಮತ್ತು ದುರಸ್ತಿಯ ವಿಷಯದಲ್ಲಿ ಸದಸ್ಯರು ಕೇಳಬೇಕಾದುದು

ಸದಸ್ಯರು ಮೆಕ್ಯಾನಿಕ್‌ಗಳಾಗಬೇಕಾಗಿಲ್ಲ. ಆದರೆ ಸಭೆಯ ಮುಂದೆ ದುರಸ್ತಿ ಅಂದಾಜು ಬಂದಾಗ ಕೆಲವು ಪ್ರಶ್ನೆಗಳನ್ನು ಕೇಳುವುದು ಅವರ ಕರ್ತವ್ಯ. ದೋಷವು ಯಾವ ಸಂದರ್ಭದಲ್ಲಿ ಕಾಣಿಸಿತು? ಹಿಂಬದಿಯ ಹಲಗೆಯ ಎತ್ತರವೆಷ್ಟು, ಎಂಜಿನ್‌ನ ಕಾಲಿನ ಉದ್ದವೆಷ್ಟು? ಅಡ್ಡ ಫಲಕವು ತಳದ ಮಟ್ಟಕ್ಕಿಂತ ಮೇಲಿದೆಯೋ ಕೆಳಗಿದೆಯೋ? ಬಣ್ಣದ ಗೆರೆಯ ಪರೀಕ್ಷೆಯ ಫಲವೇನು? ಈ ನಾಲ್ಕಕ್ಕೂ ಲಿಖಿತ ಉತ್ತರವಿಲ್ಲದ ಅಂದಾಜಿಗೆ ಅನುಮೋದನೆ ನೀಡುವ ಮುನ್ನ ಇನ್ನೊಮ್ಮೆ ಯೋಚಿಸಬೇಕು. ಗುಂಬದ ರಬ್ಬರ್ ಜಾರಿದ್ದು ರುಜುವಾತಾದರೆ ಅದರ ವೆಚ್ಚಕ್ಕೆ ತಡಮಾಡಬಾರದು; ಅದು ಹೊಂದಾಣಿಕೆಯಿಂದ ಹೋಗುವ ದೋಷವಲ್ಲ.

ಹೊಸ ಎಂಜಿನ್ ಖರೀದಿಸುವಾಗ ಅಶ್ವಶಕ್ತಿಯನ್ನು ಮಾತ್ರ ನಮೂದಿಸುವುದು ಸಾಲದು. ಕಾಲಿನ ಉದ್ದವನ್ನೂ, ಅದು ಯಾವ ದೋಣಿಗೆ, ಎಷ್ಟು ಎತ್ತರದ ಹಲಗೆಗೆ ಎಂಬುದನ್ನೂ ಬೇಡಿಕೆಪಟ್ಟಿಯಲ್ಲಿ ಬರೆಯಬೇಕು. ಸರಬರಾಜುದಾರರು ಎಂಜಿನ್ ಅನ್ನು ದೋಣಿಗೆ ಕೂರಿಸಿ, ಪೂರ್ಣ ಹೊರೆಯೊಂದಿಗೆ ನೀರಿನಲ್ಲಿ ಓಡಿಸಿ ತೋರಿಸಬೇಕೆಂಬ ಷರತ್ತನ್ನು ಸೇರಿಸುವುದು ಹಿತಕರ. ಒಂದು ದೋಣಿಯ ಎಂಜಿನ್ ಅನ್ನು ಇನ್ನೊಂದಕ್ಕೆ ಬದಲಾಯಿಸಿದ ಪ್ರತಿ ಸಲವೂ ಎತ್ತರವನ್ನು ಹೊಸದಾಗಿ ಅಳೆಯಬೇಕು. ಬಿಡಿ ಪ್ರೊಪೆಲ್ಲರ್, ಅದರ ನಟ್ಟು ಮತ್ತು ಪಿನ್ನುಗಳು, ಸರಿಯಾದ ಸ್ಪ್ಯಾನರ್ ಹಾಗೂ ಹಗ್ಗ ಕತ್ತರಿಸುವ ಚಾಕು ದೋಣಿಯಲ್ಲೇ ಇರತಕ್ಕದ್ದು.

ಪ್ರತಿ ದೋಣಿಗೂ ಒಂದು ಪುಟದ ದಾಖಲೆ ಸಾಕು: ಹಲಗೆಯ ಎತ್ತರ, ಎಂಜಿನ್‌ನ ಕಾಲಿನ ಉದ್ದ, ಫಲಕದ ಸ್ಥಾನ, ಓರೆಯ ಪಿನ್ ಇರುವ ರಂಧ್ರ, ಪ್ರೊಪೆಲ್ಲರ್‌ನ ಮೇಲೆ ಅಚ್ಚಾಗಿರುವ ಅಳತೆ, ಕೊನೆಯ ಪರೀಕ್ಷೆಯ ದಿನಾಂಕ. ಇದರ ಒಂದು ಪ್ರತಿ ಪಂಚಾಯತ್ ಅಭಿವೃದ್ಧಿ ಅಧಿಕಾರಿಯವರ ಬಳಿ, ಇನ್ನೊಂದು ದೋಣಿ ನಡೆಸುವವರ ಬಳಿ ಇರಲಿ.

ಕರಾವಳಿಗೆ ಮುಂಗಾರು ಜೂನ್ ಮೊದಲ ವಾರದಲ್ಲಿ ಕಾಲಿಡುತ್ತದೆ. ಪರೀಕ್ಷೆಗೆ ಅಗತ್ಯವಾದ ಶಾಂತ ನೀರು ಮೇ ತಿಂಗಳಲ್ಲಿ ಲಭ್ಯ. ಮಳೆ ಹಿಡಿದ ಮೇಲೆ ಲಭ್ಯವಿಲ್ಲ. ಆದುದರಿಂದ ಮೇ ತಿಂಗಳ ಸಾಮಾನ್ಯ ಸಭೆಗೆ ಮುನ್ನ ಗ್ರಾಮದ ದೋಣಿ ನಡೆಸುವ ಅನುಭವಿಗಳನ್ನು ಜೊತೆಗೂಡಿಸಿಕೊಂಡು, ನೆರೆಯ ಕಾಲದಲ್ಲಿ ಬಳಸಬೇಕಾದ ಪ್ರತಿಯೊಂದು ದೋಣಿಯನ್ನೂ ಪೂರ್ಣ ಹೊರೆಯೊಂದಿಗೆ ಓಡಿಸಿ ನೋಡುವಂತೆಯೂ, ಅದರ ಫಲಿತಾಂಶವನ್ನು ಸಭೆಯ ಮುಂದಿಡುವಂತೆಯೂ ಸದಸ್ಯರನ್ನು ಕೋರಲಾಗಿದೆ.